ಗಂಟೆ ಒತ್ತಬೇಕಿತ್ತು

ಜನವರಿ 8, ಗುರುವಾರ. ಸಂಜೆ 6

ಇವತ್ತೂ ಹಾಡಬೇಕಾಯಿತು. ಈ ವಾರದಲ್ಲೇ ಮೂರನೇ ಸಲ.

ಆಸ್ಪತ್ರೆಯ ಬೆಳಗಿನ ಡ್ಯೂಟಿ ಮುಗಿಸಿ, ಬಾಡಿಗೆ ಜೀಪಿನಲ್ಲೇ ಎರಡು ಬನ್ ತಿಂದು, ಎರಡು ಗಂಟೆಗೆ ಕ್ಲಾಸಿಗೆ ಓಡಿದೆ. ಪಾಠ — ಮುದುಕಿಯನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುವುದು. ನನ್ನ ಗೆಳತಿ ದೆಲಿಸ್ ಮುದುಕಿಯ ಪಾತ್ರ, ನಾನು ಕೇರ್‌ಗಿವರ್. ಎಲ್ಲ ಸರಿಯಾಗಿಯೇ ಮಾಡಿದೆ. ಕೊನೆಯಲ್ಲಿ ಮಂಚದ ಪಕ್ಕ ನೇತು ಹಾಕಿದ್ದ ಡ್ರಿಪ್ ನಿಧಾನವಾಗಿದೆ ಅನಿಸಿತು. ಕೈ ತಾನಾಗಿ ಹೋಗಿ ಸರಿ ಮಾಡಿಬಿಟ್ಟಿತು. ಬಾಟಲಿಯಲ್ಲಿದ್ದದ್ದು ನಲ್ಲಿ ನೀರು! ಪಾಠಕ್ಕೆಂದು ತೂಗು ಹಾಕಿದ್ದು.

"ಏನಮ್ಮಾ ನೆರಿಸ್ಸಾ, ಅದನ್ನ ಮುಟ್ಟು ಅಂತ ಯಾರು ಹೇಳಿದ್ರು ನಿಂಗೆ?" ಪೆರ್ಪೆತುವಾ ಮೇಡಂ. ರಿಟೈರಾದ ಹೆಡ್ ನರ್ಸ್. ನಮಗೆ ನರ್ಸ್‌ಗಿರಿ ಮರೆಸುವುದು ಈಗ ಅವರ ಕೆಲಸ.

"ಕೈ ತಡೀಲಿಲ್ಲ ಮೇಡಂ."

"ಕೆನಡಾದಲ್ಲಿ ನೀವು ನರ್ಸ್ ಅಲ್ಲ ಕಣ್ರೇ, ಕೇರ್‌ಗಿವರ್. ಔಷಧಿ ಮುಟ್ಟಿದ್ರೆ ಕೇಸು. ಆಕ್ಸಿಜನ್ ಮುಟ್ಟಿದ್ರೆ ಕೇಸು. ಏನೇ ಆಗ್ಲಿ, ಗಂಟೆ ಒತ್ತಿ, ಕೈಕಟ್ಟಿ ನಿಲ್ಲಿ. ಅಲ್ಲಿನ ನರ್ಸ್ ಬರ್ತಾಳೆ."

"ಅವಳು ಬರೋ ಅಷ್ಟರಲ್ಲಿ ರೋಗಿ ಹೋಗಿಬಿಟ್ರೆ?"

"ಆಗ ಹಾಡು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕ್ಲಾಸಿನ ಕಾನೂನು ಇದು. ನರ್ಸ್ ಕೆಲಸ ಮಾಡಿದವಳು ಎದುರು ನಿಂತು ಒಂದು ಪೂರ್ತಿ ಹಾಡು ಹಾಡಬೇಕು. ನನ್ನ ಕಂಠಕ್ಕೆ ಹೊರಗಿನ ನಾಯಿಯೂ ಎದ್ದು ಹೋಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಒಂಬತ್ತು ವರ್ಷದ ನರ್ಸ್‌ಗಿರಿ ಒಂಬತ್ತು ವಾರದಲ್ಲಿ ಹೋಗುತ್ತದೆಯೇ?

ಜನವರಿ 13, ಮಂಗಳವಾರ. ಮಧ್ಯಾಹ್ನ 1, ಡ್ಯೂಟಿ ರೂಮ್

ಜೋಡಿಗಳ ಪಟ್ಟಿ ಅಂಟಿಸಿದ್ದಾರೆ. ಪರೀಕ್ಷೆಗೂ ಇದೇ ಜೋಡಿ. ಒಬ್ಬಳು ರೋಗಿ, ಒಬ್ಬಳು ಕೇರ್‌ಗಿವರ್, ಆಮೇಲೆ ಅದಲು ಬದಲು. ನನಗೆ ದೆಲಿಸ್. ಮತ್ತೆ ಯಾರು?

ನಮ್ಮ ಗುಯಿಂಬಾಲ್‌ನಲ್ಲಿ ಯಾರ ಮನೆಹೆಸರು ಕೇಳಿದರೂ ಇಂಗ್ಲಿಷಿನ 'ಜಿ' ಅಕ್ಷರದಿಂದಲೇ ಶುರು. ಸ್ಪೇನಿನವರು ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಊರಿಗೊಂದು ಅಕ್ಷರ ಹಂಚಿದರಂತೆ. ಫ್ಲೋರ್ಡೆಲಿಸ್ ಗಾಯಾರೆಸ್. ನೆರಿಸ್ಸಾ ಗೆರೋಚೆ. ಹಾಜರಿ ಪುಸ್ತಕದಲ್ಲಿ ಒಂದರ ಕೆಳಗೆ ಒಂದು. ಒಂದನೇ ಕ್ಲಾಸಿನ ಬೆಂಚು, ನರ್ಸಿಂಗ್ ಹಾಸ್ಟೆಲಿನ ರೂಮು, ಶವದ ಪಾಠದ ಮೇಜು — ಎಲ್ಲ ಕಡೆ ಅವಳ ಪಕ್ಕ ನಾನು. ನನ್ನ ಮಗಳು ಬೆಲಾಯ್ ಹುಟ್ಟಿದಾಗ ಚರ್ಚಿನ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ನಿಂತವಳೂ ಅವಳೇ. ಅವತ್ತಿನಿಂದ ಒಬ್ಬರಿಗೊಬ್ಬರು 'ಮಾರೆ', ಮಗುವಿನ ಇನ್ನೊಬ್ಬ ತಾಯಿ ಅಂತ. ಹೆಸರು ಹಿಡಿದು ಕರೆಯುವುದೇ ಮರೆತು ಹೋಗಿದೆ.

ಹಾಸ್ಟೆಲಿನಲ್ಲಿ ಒಂದು ಸಲ ಅವಳಿಗೆ ಅಸ್ತಮಾ ಬಂದು ತುಟಿ ನೀಲಿಯಾಗಿತ್ತು. ವಾರ್ಡನ್ ಬಾಗಿಲು ತೆಗೆಯುವಷ್ಟರಲ್ಲಿ ನಾನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಇಳಿದಿದ್ದೆ. ಅಂದಿನಿಂದ ನನ್ನ ಜೇಬಿನಲ್ಲಿ ಅವಳ ಇನ್‌ಹೇಲರ್ ಒಂದು ಇದ್ದೇ ಇರುತ್ತದೆ. ಅವಳೇ ಮರೆತು ಬರುತ್ತಾಳೆ, ನಾನು ಮರೆಯುವುದಿಲ್ಲ.

ಜನವರಿ 18, ಭಾನುವಾರ. ಬೆಳಿಗ್ಗೆ 11

ಚರ್ಚಿನ ಪೂಜೆ ಮುಗಿಸಿ ಬಂದೆವು. ಅಮ್ಮ ಒಣಮೀನು ಹುರಿಯುತ್ತಿದ್ದಾಳೆ, ಮನೆಯೆಲ್ಲ ವಾಸನೆ.

ಆಸ್ಪತ್ರೆಯಲ್ಲಿ ಮತ್ತೆ ಕೇಳಿದರು — ಸೌದಿಗೆ ಯಾಕೆ ಹೋಗಲ್ಲ? ನರ್ಸ್ ಆಗಿಯೇ ಹೋಗಬಹುದಲ್ಲ? ಹೋಗಬಹುದು. ಆದರೆ ಅಲ್ಲಿಗೆ ಮಗುವನ್ನು ಕರೆದೊಯ್ಯುವ ಹಾಗಿಲ್ಲ. ಈ ಕೆನಡಾದ ವೃದ್ಧಾಶ್ರಮದ ಪರ್ಮಿಟ್ ಒಂದರಲ್ಲೇ ಮಗುವಿಗೂ ಜಾಗ ಇದೆ. ಅದಕ್ಕೇ ನರ್ಸ್ ಬಿಲ್ಲೆ ತೆಗೆದಿಟ್ಟು ಮುದುಕರ ಬಾಯಿ ಒರೆಸುವ ಸರ್ಟಿಫಿಕೇಟಿಗೆ ಓದುತ್ತಿರುವುದು.

ನನಗೆ ಆರು ವರ್ಷ ಇದ್ದಾಗ ಅಮ್ಮ ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೋದಳು. ವಾಪಸ್ ಬಂದಾಗ ನನಗೆ ಹತ್ತೊಂಬತ್ತು. ನಡುವೆ ಬಂದದ್ದು ಡಬ್ಬಗಳು — ಸೋಪು, ಚಾಕಲೇಟು, ಅಳತೆ ತಪ್ಪಿದ ಶೂ. ಅವಳ ಮನಸ್ಸಿನಲ್ಲಿ ನನ್ನ ಕಾಲು ಬೆಳೆಯಲೇ ಇಲ್ಲ. ಬೆಲಾಯ್‌ಳ ಅಪ್ಪ ಹಡಗಿಗೆ ಹೋದವನು ಬೇರೆ ಬಂದರಿನಲ್ಲಿ ಸಂಸಾರ ಹೂಡಿದ ದಿನವೇ ಆಣೆ ಮಾಡಿದೆ. ನನ್ನ ಮಗಳು ಡಬ್ಬದಲ್ಲಿ ಬರುವ ತಾಯಿಯನ್ನು ನೋಡಬಾರದು.

ಓದುತ್ತಾ ಕೂತಿದ್ದಾಗ ಬೆಲಾಯ್ ಬಂದಳು.

"ಅಮ್ಮಾ, ಕೆನಡಾದಲ್ಲಿ ಅಜ್ಜಿ ಎಲ್ಲಿ ಮಲಗ್ತಾಳೆ?"

"ಅಜ್ಜಿ ಬರಲ್ಲ ಪುಟ್ಟಿ. ಪರ್ಮಿಟ್‌ನಲ್ಲಿ ಜಾಗ ಇಲ್ಲ. ನೀನು ನಾನು ಇಬ್ರೇ."

ಇನ್ನೂ ಏನೋ ಹೇಳಿದಳು. ಹೂಂ ಅಂದೆ. ಆಡಲು ಹೊರಗೆ ಹೋದಳು. ಒಂಬತ್ತು ವರ್ಷ ಅಷ್ಟೆ. ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ.

ಜನವರಿ 30, ಶುಕ್ರವಾರ. ಸಂಜೆ 5

ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ. ಹದಿನಾಲ್ಕರಲ್ಲಿ ಆರು ಜನ ಹೋದರು. ಎಂಟು ಉಳಿದೆವು. ಆಶ್ರಮಕ್ಕೆ ಬೇಕಾದವರು ಏಳು. ಒಬ್ಬಳು ಉದುರಬೇಕು! ಪ್ರಾಕ್ಟಿಕಲ್ ನೋಡಲು ಕೆನಡಾದಿಂದಲೇ ಒಬ್ಬ ಮೇಡಂ ಬರುತ್ತಾರಂತೆ.

ದೆಲಿಸ್ ಕೂದಲೆಳೆಯಲ್ಲಿ ಪಾಸು. ಎಂಟರಲ್ಲಿ ಎಂಟನೆಯವಳು. ಮುಖ ಸಪ್ಪಗಿತ್ತು.

"ಪ್ರಾಕ್ಟಿಕಲ್ ಸಮ ಸಮ ಆದ್ರೆ ಇಂಗ್ಲಿಷ್ ನೋಡ್ತಾರೆ. ಹೋಗೋಳು ನಾನೇ ಮಾರೆ."

"ನಾನು ಡ್ರಿಪ್ ಮುಟ್ಟಿ ಹೋಗ್ತೀನಿ ಬಿಡು, ನೀನು ಉಳ್ಕೋತೀಯ."

ತಮಾಷೆಗೆ ಅಂದೆ. ಅವಳು ನಗಲಿಲ್ಲ.

ನನ್ನ ಜೊತೆಗೇ ಮನೆಗೆ ಬಂದಳು. ನಾನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ನಮ್ಮ ಅಡುಗೆಮನೆಯಲ್ಲಿ ಅಮ್ಮನ ಜೊತೆ ಕೂತು ಸೊಪ್ಪಿನ ಸಾರು, ಅನ್ನ ಊಟ ಮಾಡುತ್ತಿದ್ದಳು. ನಾನು ಒಳಗೆ ಬಂದದ್ದೇ ಇಬ್ಬರೂ ಮಾತು ನಿಲ್ಲಿಸಿದರು. ಅಮ್ಮ ಇನ್ನೊಂದು ಸೌಟು ಅನ್ನ ಬಡಿಸಿದಳು ಅವಳಿಗೆ. ನನ್ನ ಹುಟ್ಟುಹಬ್ಬಕ್ಕೆ ಏನೋ ಗುಟ್ಟು ನಡೆಸುತ್ತಿರಬೇಕು.

ಫೆಬ್ರವರಿ 11, ಬುಧವಾರ. ಬೆಳಿಗ್ಗೆ 5

ಇವತ್ತು ಪ್ರಾಕ್ಟಿಕಲ್. ಅಮ್ಮ ಎದ್ದು ಬೆಳ್ಳುಳ್ಳಿ ಅನ್ನ ಮಾಡಿದ್ದಾಳೆ, ಮೇಲೆ ಮೊಟ್ಟೆ. ಆಶೀರ್ವಾದಕ್ಕೆಂದು ಅವಳ ಕೈಯನ್ನು ಹಣೆಗೆ ಒತ್ತಿಕೊಂಡೆ. ಕೈ ತಣ್ಣಗಿತ್ತು. "ದೇವರು ಮಾಡಿದ ಹಾಗೆ ಆಗ್ಲಿ" ಅಂದಳು.

ಗಂಟೆ ಒತ್ತು, ಕೈಕಟ್ಟಿ ನಿಲ್ಲು. ಗಂಟೆ ಒತ್ತು, ಕೈಕಟ್ಟಿ ನಿಲ್ಲು.

ಅದೇ ದಿನ. ಸಂಜೆ 4, ಜೀಪಿನಲ್ಲಿ. ಅಕ್ಷರಗಳು ಕುಣಿಯುತ್ತಿವೆ

ದೆಲಿಸ್ ಬದುಕಿದ್ದಾಳೆ. ಮೊದಲು ಅದನ್ನು ಬರೆಯುತ್ತೇನೆ. ದೇವರು ದೊಡ್ಡವನು.

ನನ್ನ ಸರದಿ ಮೊದಲು. ದೆಲಿಸ್ ರೋಗಿ — ಲಕ್ವ ಹೊಡೆದ ಅಜ್ಜಿ, ಬಲಗೈ ಸ್ವಾಧೀನವಿಲ್ಲ. ಗಂಜಿ ಕುಡಿಸಿ ಗಾಲಿಕುರ್ಚಿಗೆ ಕೂರಿಸಬೇಕು. ಕೆನಡಾದ ಮೇಡಂ ಕಿಟಕಿ ಪಕ್ಕ, ಮಡಿಲಲ್ಲಿ ಕಾಗದ. ಪೆರ್ಪೆತುವಾ ಮೇಡಂ ಬಾಗಿಲ ಹತ್ತಿರ. ಆರನೇ ಚಮಚವೋ ಏಳನೆಯದೋ. ದೆಲಿಸ್‌ಳ ಭುಜಗಳು ಮೇಲೆದ್ದವು. ಕೈ ಗಂಟಲಿಗೆ ಹೋಯಿತು. ಆ ಶಬ್ದ... ಹಾಸ್ಟೆಲಿನ ಶಬ್ದ.

ಗಂಜಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಜೇಬಿನಿಂದ ಇನ್‌ಹೇಲರ್ ತೆಗೆದು ಅವಳ ಬಾಯಿಗಿಟ್ಟೆ. ಎರಡು ಸಲ ಒತ್ತಿದೆ. ಮುಂದಕ್ಕೆ ಬಾಗಿಸಿ ಕೂರಿಸಿದೆ. ಪಾಠಕ್ಕೆ ಇಟ್ಟಿದ್ದ ಆಕ್ಸಿಜನ್ ಸಿಲಿಂಡರ್ ನಿಜವಾದದ್ದು, ಅದರ ತಿರುಪು ತಿರುಗಿಸಿ ಮಾಸ್ಕ್ ಹಿಡಿದೆ. "ನೆಬ್ಯುಲೈಸರ್ ತನ್ನಿ!" ಅಂತ ಪೆರ್ಪೆತುವಾ ಮೇಡಂಗೇ ಗದರಿದೆ. ನಾಡಿ ನೋಡಿದೆ. ಎಪ್ಪತ್ತಾರು.

ಎರಡು ನಿಮಿಷಕ್ಕೆ ಸರಿಹೋದಳು. ನನ್ನ ಕೈ ಹಿಡಿದು ಕಿವಿಯಲ್ಲಿ "ಮತ್ತೆ ಬದುಕಿಸಿದೆ ಮಾರೆ" ಅಂದಳು. ಅಳುತ್ತಿದ್ದಳು.

ಕರೆಗಂಟೆ ಮಂಚದ ಕಂಬಿಗೆ ಕಟ್ಟಿತ್ತು. ನನ್ನ ಕೈಯಿಂದ ಎರಡು ಅಡಿ. ನೆನಪೇ ಆಗಲಿಲ್ಲ.

ಊಟದ ನಂತರ ಅವಳ ಸರದಿ. ಇವತ್ತು ಬೇಡ ಅಂದೆ, ಕೇಳಲಿಲ್ಲ. ನಾನು ಅಜ್ಜಿ. ಚಮಚ ನನ್ನ ಎಡಗೈಗೆ ಕೊಟ್ಟು ನಾನೇ ತಿನ್ನುವ ಹಾಗೆ ಮಾಡಿದಳು. ನಿಧಾನ, ಚೊಕ್ಕ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಒಂದು ಸಲವೂ ನನ್ನ ಕಣ್ಣು ನೋಡಲಿಲ್ಲ. ಸುಸ್ತಾಗಿತ್ತೇನೋ.

ಫೆಬ್ರವರಿ 12, ಗುರುವಾರ

ಬಾಗಿಲಿಗೆ ಪಟ್ಟಿ ಅಂಟಿಸಿದ್ದರು. ಏಳು ಹೆಸರಿನ ಮುಂದೆ 'ಅರ್ಹಳು'. ನನ್ನದರ ಮುಂದೆ 'ಇನ್ನೂ ಅರ್ಹಳಲ್ಲ'.

ಒಂಬತ್ತು ವರ್ಷ. ಎಷ್ಟು ಜನರ ಎದೆ ಒತ್ತಿದ್ದೇನೆ, ಎಷ್ಟು ಜನರ ಕಣ್ಣು ಮುಚ್ಚಿಸಿದ್ದೇನೆ. ಗಂಜಿ ಕುಡಿಸಲು ಇನ್ನೂ ಅರ್ಹಳಲ್ಲ!

ಕೆನಡಾದ ಮೇಡಂ ಒಳಗೆ ಕರೆದರು. ಒಳ್ಳೆಯ ಹೆಂಗಸು, ಮೆತ್ತಗೆ ಮಾತಾಡಿದರು. "ನಿನ್ನೆ ನಾನು ಒಬ್ಬ ಒಳ್ಳೆ ನರ್ಸನ್ನ ನೋಡಿದೆ. ಆದ್ರೆ ನಮಗೆ ಬೇಕಾಗಿರೋದು ಕೇರ್‌ಗಿವರ್. ನಿನ್ನ ಜೇಬಿನ ಔಷಧಿ ರೋಗಿ ಬಾಯಿಗಿಟ್ಟೆ. ಕೆನಡಾದಲ್ಲಾಗಿದ್ರೆ ನಿನ್ನ ಪರ್ಮಿಟ್ ಅವತ್ತೇ ರದ್ದು." ಈ ಆಶ್ರಮದವರು ಮತ್ತೆ ಬರುವುದಿಲ್ಲ. ಮಗುವನ್ನು ಸೇರಿಸುವ ಈ ಅವಕಾಶವೂ ಈ ವರ್ಷಕ್ಕೇ ಕೊನೆಯಂತೆ.

ಹಿಂದಿನ ಗೇಟಿನಿಂದ ಬಂದುಬಿಟ್ಟೆ. ದೆಲಿಸ್ ಹಿಂದೆ ಓಡಿಬಂದು ತಬ್ಬಿಕೊಂಡಳು. "ನನ್ನಿಂದಾನೇ ಆಯ್ತು ಮಾರೆ." "ಹುಚ್ಚಿ, ಅಸ್ತಮಾ ಏನು ನಿನ್ನ ಕೇಳಿ ಬರುತ್ತಾ?" ಅಂದೆ. ನಾನೇ ಅವಳನ್ನು ಸಮಾಧಾನ ಮಾಡಿದೆ. ನಾನೇ.

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 2, ಡ್ಯೂಟಿ ರೂಮ್

ಎಷ್ಟೋ ದಿನ ಇದನ್ನು ತೆರೆದಿರಲಿಲ್ಲ. ಬರೆಯಲು ಏನಿತ್ತು? ಡ್ಯೂಟಿ, ನಿದ್ದೆ, ಡ್ಯೂಟಿ.

ಪೆರ್ಪೆತುವಾ ಮೇಡಂ ಬಿ.ಪಿ. ತೋರಿಸಲು ಬಂದಿದ್ದರು. ತೋಳಿಗೆ ಪಟ್ಟಿ ಕಟ್ಟುತ್ತಿದ್ದಾಗ ಅವರೇ ತೆಗೆದರು ಮಾತು.

"ನಿನ್ನ ಪರವಾಗಿ ಜಗಳ ಆಡಿದೆ ಕಣೇ ಅವತ್ತು. ಆ ಹುಡುಗಿಗೆ ನಿಜವಾಗ್ಲೂ ಅಸ್ತಮಾ ಬಂತು, ಅದು ಪರೀಕ್ಷೆ ಲೆಕ್ಕ ಅಲ್ಲ, ಇವಳಿಗೆ ಇನ್ನೊಂದು ಸಲ ಕೊಡಿ ಅಂದೆ. ಆ ಕೆನಡಾದವಳು ಒಪ್ಪಿದ್ಲು. ದೆಲಿಸನ್ನ ಕರೆದು ಕೇಳಿದ್ವಿ."

"ಏನಂದ್ಲು?"

"ನಿಂಗೊತ್ತಿಲ್ವಾ? 'ನಂಗೇನೂ ಆಗಿರ್ಲಿಲ್ಲ, ರೋಗಿ ಪಾತ್ರ ಅಲ್ವಾ, ನಟನೆ ಮಾಡಿದೆ, ನೆರಿಸ್ಸಾ ಗಾಬರಿ ಬಿದ್ಲು' ಅಂದ್ಲು. ಆಮೇಲೆ ನಾನೇನು ಹೇಳಕ್ಕಾಗುತ್ತೆ?"

ಬಿ.ಪಿ. ಎಷ್ಟು ಬಂತು ಅಂತ ಬರೆದುಕೊಳ್ಳಲಿಲ್ಲ. ಮತ್ತೆ ನೋಡಬೇಕಾಯಿತು.

ನನ್ನ ಕಿವಿಯಲ್ಲಿ ಒಂದು ಮಾತು. ಅವರ ಎದುರು ಇನ್ನೊಂದು. ಅವತ್ತು ಅವಳ ನಾಡಿ ಎಪ್ಪತ್ತಾರು ಇತ್ತು. ನಾನೇ ಮೇಲೆ ಬರೆದಿದ್ದೇನೆ. ಉಸಿರು ಕಟ್ಟಿದವಳ ನಾಡಿ ನೂರಿಪ್ಪತ್ತು ಓಡುತ್ತದೆ, ಮೊದಲ ವರ್ಷದ ಹುಡುಗಿಗೂ ಗೊತ್ತು. ಬೆರಳಿಗೆ ಗೊತ್ತಾಗಿದ್ದು ತಲೆಗೆ ಹೋಗಲಿಲ್ಲ. ಅಥವಾ ಹೋಗಲು ನಾನು ಬಿಡಲಿಲ್ಲ.

ಮಾರ್ಚ್ 4, ಬುಧವಾರ. ಬೆಳಿಗ್ಗೆ 11

ದೆಲಿಸ್ ಮನೆಗೆ ಹೋದೆ. ಈ ಸುಡುಬಿಸಿಲಲ್ಲಿ ಸೆಕೆಂಡ್‌ಹ್ಯಾಂಡ್ ಅಂಗಡಿಯ ದಪ್ಪ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ಹಣೆಯಿಂದ ಬೆವರು.

"ಬಾ ಮಾರೆ. ಹೆಂಗಿದೆ? ಕರಡಿ ಥರ ಕಾಣ್ತೀನಾ?"

"ಅವತ್ತು ನಿಂಗೆ ಉಸಿರು ಕಟ್ಟಿತ್ತಾ, ಇಲ್ವಾ?"

ಕೋಟಿನ ಜಿಪ್ ಮೇಲೆ ಎಳೆದಳು. ಕೆಳಗೆ ಎಳೆದಳು.

"ಒಂದೇ ಮಾತಲ್ಲಿ ಹೇಳು."

"ಇಲ್ಲ."

ಹೊಡೆಯುತ್ತೇನೆ ಅಂದುಕೊಂಡಿದ್ದೆ. ಕೈ ಏಳಲಿಲ್ಲ. ಅವಳೇ ಮಾತಾಡಿದಳು, ಗೋಡೆ ನೋಡುತ್ತಾ.

"ಬೇರೆ ಯಾರಾಗಿದ್ರೂ ಗಂಟೆ ಒತ್ತೋರು. ನೀನು ಒತ್ತಲ್ಲ ಅಂತ ನಂಗೆ ಗೊತ್ತಿತ್ತು. ಒತ್ತದಿರೋಳು ನೀನೊಬ್ಳೇ."

ಇದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು. ನನ್ನ ಪ್ರೀತಿಯನ್ನೇ ಬಲೆ ಮಾಡಿ ನನ್ನನ್ನೇ ಹಿಡಿದಳು. ಉಂಡ ಮನೆಗೆ ಎರಡು ಬಗೆದಳು. ನನ್ನ ಮಗಳ ತಲೆಯ ಮೇಲೆ ಕೈಯಿಟ್ಟು ದೇವರ ಮುಂದೆ ನಿಂತವಳು!

"ಒಂದು ಸೀಟಿಗೋಸ್ಕರ?"

"ಸೀಟೂ ಹೌದು. ಸುಳ್ಳು ಹೇಳಲ್ಲ. ಆದ್ರೆ ಅದೊಂದೇ ಆಗಿದ್ರೆ ನಂಗೆ ಧೈರ್ಯ ಬರ್ತಿರ್ಲಿಲ್ಲ ನೆರಿ." ಎಷ್ಟು ವರ್ಷದ ಮೇಲೆ ಹೆಸರು ಹಿಡಿದು ಕರೆದಳು. "ನಿಮ್ಮಮ್ಮನ್ನ ಕೇಳು. ನನ್ನ ಕಾಲು ಹಿಡಿಯೋಕೆ ಬಂದ್ರು ಅವ್ರು. 'ಅವಳು ಪಾಸಾಗ್ದಿರೋ ಹಾಗೆ ಮಾಡು' ಅಂತ."

ಜೇಬಿನ ಇನ್‌ಹೇಲರ್ ತೆಗೆದು ಅವಳ ಮೇಜಿನ ಮೇಲಿಟ್ಟೆ. ಇನ್ನು ನೀನೇ ಇಟ್ಟುಕೋ ಅಂದೆ. ಹೊರಗೆ ಬಂದೆ.

ಅದೇ ದಿನ. ಸಂಜೆ 5

ಅಮ್ಮ ಹಿತ್ತಲಲ್ಲಿ ಮೀನು ಉಜ್ಜುತ್ತಿದ್ದಳು. ಬೆಲಾಯ್ ಇನ್ನೂ ಸ್ಕೂಲಿನಿಂದ ಬಂದಿರಲಿಲ್ಲ. ನೇರವಾಗಿ ಕೇಳಿದೆ. 'ಅದೆಲ್ಲ ಸುಳ್ಳು' ಅಂತಾದರೂ ಹೇಳಲಿ ಎಂದು ಕಾದೆ.

"ಹೌದು. ನಾನೇ ಹೇಳಿದ್ದು."

ತಲೆ ಎತ್ತಲಿಲ್ಲ. ಪೊರೆ ಹಾರಿ ಅವಳ ತೋಳಿಗೆ ಅಂಟುತ್ತಿತ್ತು.

"ಯಾಕಮ್ಮಾ?"

"ಮಗು ಇಲ್ಲೇ ಇರ್ಲಿ. ನೀನು ಬೇಕಾದ್ರೆ ಹೋಗು, ಸೌದಿಗೋ ಎಲ್ಲಿಗೋ. ನಾನು ನೋಡ್ಕೋತೀನಿ."

"ಹದಿಮೂರು ವರ್ಷ ನಿನ್ನ ಮಗಳನ್ನ ನೋಡ್ಕೊಳ್ದೋಳು ನನ್ನ ಮಗಳನ್ನ ನೋಡ್ಕೋತೀಯ?"

ಇಷ್ಟು ವರ್ಷ ಈ ಮಾತನ್ನು ಬಾಯಿಗೆ ಬರಲು ಬಿಟ್ಟಿರಲಿಲ್ಲ. ಬಂದೇಬಿಟ್ಟಿತು. ಅಮ್ಮ ಚಾಕು ಕೆಳಗಿಟ್ಟಳು.

"ನೀನು ಹೊರಟಾಗ ನಾನು ಆರು ವರ್ಷದವ್ಳು. ಯಾರ ಕಾಲು ಹಿಡಿದು ನಿನ್ನ ನಿಲ್ಲಿಸ್ಬೇಕಿತ್ತು ನಾನು?"

"ಯಾರಾದ್ರೂ ನಿಲ್ಲಿಸಿದ್ರೆ ಚೆನ್ನಾಗಿತ್ತು" ಅಂದಳು. ಅಷ್ಟೇ. ಮತ್ತೆ ಚಾಕು ಎತ್ತಿಕೊಂಡಳು. "ಕಾರಣ ಕೇಳ್ಬೇಡ ನೆರಿ. ನನ್ನೇ ಬೈಕೋ."

ಕಾರಣ ಕೇಳುವುದೇನಿದೆ? ಕಾಣುತ್ತಲೇ ಇದೆ. ನನ್ನನ್ನು ಸಾಕಲಿಲ್ಲ, ಆ ಲೆಕ್ಕವನ್ನು ಬೆಲಾಯ್ ಮೇಲೆ ತೀರಿಸಿಕೊಳ್ಳುತ್ತಿದ್ದಾಳೆ. ಜಡೆ ಹಾಕುವುದು, ಊಟ ಮಾಡಿಸುವುದು, ಸ್ಕೂಲಿಗೆ ಬಿಡುವುದು. ನನಗೆ ಸೇರಬೇಕಾದದ್ದನ್ನೆಲ್ಲ ನನ್ನ ಮಗಳಿಗೆ ಕೊಟ್ಟು, ಈಗ ಮಗಳನ್ನೇ ಇಟ್ಟುಕೊಳ್ಳಲು ನೋಡುತ್ತಾಳೆ. ಹೆತ್ತ ತಾಯಿ. ಎರಡು ಸಲ ಬಿಟ್ಟಳು ನನ್ನನ್ನು.

ಮಾರ್ಚ್ 6

ಎರಡು ದಿನದಿಂದ ಅಮ್ಮ ಮಾಡಿದ ಅನ್ನ ಮುಟ್ಟಿಲ್ಲ. ಆಸ್ಪತ್ರೆ ಹಿಂದೆ ಒಂದು ರೂಮು ನೋಡಿ ಬಂದೆ. ಒಂದು ಮಂಚ, ಒಂದು ಕಿಟಕಿ. ನನಗೂ ಬೆಲಾಯ್‌ಗೂ ಸಾಕು. ಕೆನಡಾ ಇಲ್ಲದಿದ್ದರೆ ಹೋಗಲಿ. ಈ ಮನೆಯಲ್ಲಿ ಇನ್ನು ಒಂದು ವಾರವೂ ಇರುವುದಿಲ್ಲ. ನನ್ನ ಮಗಳು ನನ್ನ ಜೊತೆ ಇರುತ್ತಾಳೆ. ಅಷ್ಟನ್ನು ಯಾರೂ ಕಸಿಯಲಾರರು.

ಮಾರ್ಚ್ 8, ಭಾನುವಾರ. ಬೆಳಿಗ್ಗೆ 10

ಅಮ್ಮ ಚರ್ಚಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ಹೊರಡಬೇಕು ಎಂದು ದೊಡ್ಡ ಬ್ಯಾಗು ತೆಗೆದೆ. ಕೆನಡಾಕ್ಕೆಂದು ಕೊಂಡಿದ್ದು. ಬೆಲಾಯ್‌ಳ ಯೂನಿಫಾರ್ಮು, ಎರಡು ಫ್ರಾಕು, ಸ್ವೆಟರು ತುಂಬಿದೆ. ನೀರು ಕುಡಿದು ಬರುವಷ್ಟರಲ್ಲಿ ಬೆಲಾಯ್ ಎಲ್ಲ ಹೊರತೆಗೆದು ಮತ್ತೆ ಕಪಾಟಿನಲ್ಲಿ ಜೋಡಿಸುತ್ತಿದ್ದಳು.

"ಏನೇ ಇದು?"

"ನಾನು ಬರಲ್ಲ."

"ಅಜ್ಜಿ ನಮ್ಗೆ ಮೋಸ ಮಾಡಿದ್ಲು ಪುಟ್ಟಿ. ದೊಡ್ಡೋರ ವಿಷಯ. ನಿಂಗೆ ಅರ್ಥ ಆಗಲ್ಲ."

"ಅಜ್ಜಿ ಅಲ್ಲ."

ಸ್ವೆಟರನ್ನು ಎದೆಗೆ ಅವುಚಿಕೊಂಡಿದ್ದಳು.

"ನಾನೇ ಅಜ್ಜಿ ಹತ್ರ ಅತ್ತಿದ್ದು. ನಂಗೆ ಕೆನಡಾ ಬೇಡ, ಹೆಂಗಾದ್ರೂ ಮಾಡಿ ನಿಲ್ಸು ಅಂತ. ಮೊದ್ಲು ಅಜ್ಜಿ ಆಗಲ್ಲ ಅಂದ್ಲು. ನಾನು ಎರಡು ದಿನ ಊಟ ಬಿಟ್ಟೆ. ಅಮ್ಮಂಗೆ ಹೇಳಲ್ಲ ಅಂತ ಅಜ್ಜಿ ಹತ್ರ ಆಣೆ ಹಾಕಿಸ್ಕೊಂಡೆ."

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ದೆ. ನೀನು ಓದ್ತಾ ಇದ್ದೆ. ಹೂಂ ಅಂದೆ."

ಮಂಚದ ಮೇಲೆ ಕೂತೆ. ಅವಳು ಬಂದು ನನ್ನ ಕೆನ್ನೆ ಒರೆಸಿದಳು. ನಾನು ಅಳುತ್ತಿದ್ದೇನೆ ಎಂದು ಅವಳ ಕೈ ಒದ್ದೆಯಾದ ಮೇಲೆ ತಿಳಿಯಿತು.

"ನೀನು ಸೌದಿಗೆ ಹೋಗಮ್ಮ. ನಾನು ಅಳಲ್ಲ. ಅಜ್ಜಿನೂ ಹೋಗಿದ್ಲು, ವಾಪಸ್ ಬಂದ್ಲಲ್ಲ. ನೀನೂ ಬರ್ತೀಯ."

ಕಪಾಟಿನಿಂದ ನನ್ನ ಬಟ್ಟೆ ತೆಗೆದಳು. ನನ್ನವು ಮಾತ್ರ. ಬಿಳಿ ಯೂನಿಫಾರ್ಮನ್ನು ಅಜ್ಜಿ ಮಡಿಸುವ ಹಾಗೆಯೇ ತೋಳು ಒಳಗೆ ಹಾಕಿ ಮಡಿಸಿ ಬ್ಯಾಗಿನಲ್ಲಿ ಇಡುತ್ತಿದ್ದಾಳೆ. ಈಗಲೂ, ನಾನು ಇದನ್ನು ಬರೆಯುತ್ತಿರುವಾಗ. ಬೇಡ ಅನ್ನಬೇಕು. ನಾನು ಎಲ್ಲಿಗೂ ಹೋಗಲ್ಲ ಅನ್ನಬೇಕು. ಬರೆಯುತ್ತಲೇ ಇದ್ದೇನೆ.